ಹೆಸರು ತೆಗೆದ ಕುಟುಂಬ

ಅಧ್ಯಕ್ಷೆಗೆ ನಿಜವಾದ ಸಿಟ್ಟು ಬಂದಾಗ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಬೋರ್ಡಿನ ಕಚೇರಿಯಲ್ಲಿ ಎಲ್ಲರಿಗೂ ಇದು ಗೊತ್ತು. ಆಕೆ ಕೂಗಾಡಿದರೆ ಒಳಗೊಳಗೇ ನಕ್ಕು ಸುಮ್ಮನಾಗುತ್ತಾರೆ. ಮೆಲ್ಲಗೆ ಮಾತಾಡಿದರೆ ಏನೋ ಕೆಲಸ ನೆನಪಾದವರ ಹಾಗೆ ಎದ್ದು ಹೊರಗೆ ಹೋಗುತ್ತಾರೆ. ಆ ಮಧ್ಯಾಹ್ನ ಪರೀಕ್ಷಾ ಕೋಣೆಗೆ ಬಂದು, ಮೇಜಿನ ಮೇಲಿದ್ದ ಹಾಳೆ ನೋಡಿ ಆಕೆ ಕೇಳಿದ್ದು ಪಕ್ಕದಲ್ಲಿ ನಿಂತವರಿಗೂ ಸರಿಯಾಗಿ ಕೇಳಿಸಲಿಲ್ಲ.

"ಈ ಮನೆಯವರು ಯಾರು ಸರ್?"

"ಯಾರಾದ್ರೇನಮ್ಮಾ?" ಅಂದರು ಪ್ರೊಫೆಸರು. "ಹೆಸರು ತೆಗೆದಿದ್ದೀನಲ್ಲ."

ಬೋರ್ಡಿನ ಕೆಲಸ ಇಷ್ಟೇ: ವಂಶದಲ್ಲಿ ಹರಿದು ಬರುವ ಕಾಯಿಲೆಗಳನ್ನು ನೋಡುವ ಡಾಕ್ಟರುಗಳಿಗೆ ಪರೀಕ್ಷೆ ಮಾಡಿ, ಇವರು ಈ ಕೆಲಸಕ್ಕೆ ತಕ್ಕವರು ಎಂದು ಪ್ರಮಾಣಪತ್ರ ಕೊಡುವುದು. ಅದಿಲ್ಲದೆ ಯಾವ ಆಸ್ಪತ್ರೆಯೂ ಅವರನ್ನು ಜೆನೆಟಿಕ್ಸ್ ವಿಭಾಗದ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಬರೆಯುವ ಪರೀಕ್ಷೆ ಪಾಸಾದವರನ್ನು ಕೊನೆಗೆ ಒಂದು ಕೋಣೆಗೆ ಕರೆದು, ಒಂದು ಕುಟುಂಬದ ವಂಶವೃಕ್ಷವನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತಾರೆ. ಚೌಕ ಅಂದರೆ ಗಂಡಸು, ವೃತ್ತ ಅಂದರೆ ಹೆಂಗಸು, ಕಪ್ಪು ತುಂಬಿದ್ದರೆ ಕಾಯಿಲೆ, ಅಡ್ಡಗೆರೆ ಎಳೆದಿದ್ದರೆ ಸಾವು. ಕುಟುಂಬ ನಿಜವಾದದ್ದೇ ಇರಬಹುದು, ಆದರೆ ಹೆಸರು ತೆಗೆದರೆ ಸಾಲದು, ಆಕಾರವನ್ನೂ ಕೆಡಿಸಬೇಕು. ಒಬ್ಬ ಮಗನನ್ನು ಮಗಳಾಗಿಸಬೇಕು, ಇಲ್ಲದ ಚಿಕ್ಕಮ್ಮನನ್ನು ತಂದು ಕೂರಿಸಬೇಕು, ಅವಳಿಗಳಿದ್ದರೆ ಬಿಡಿಸಬೇಕು. ಆಮೇಲೆ ಇನ್ನಿಬ್ಬರು ಪರೀಕ್ಷಕರು ನೋಡಿ ಹೂಂ ಅನ್ನಬೇಕು. ಈ ನಿಯಮ ತರಲು ಅಧ್ಯಕ್ಷೆ ಇದೇ ಮುದುಕ ಪ್ರೊಫೆಸರ ಜೊತೆ ವರ್ಷಗಟ್ಟಲೆ ಜಗಳವಾಡಿದ್ದಳು.

ಪ್ರೊಫೆಸರಿಗೆ ನಿಯಮ ಅಂದರೆ ಮಿಕ್ಕವರಿಗೆ ಮಾಡಿದ್ದು. ಅಧ್ಯಕ್ಷೆಯೂ ಸೇರಿ ಆ ಕಟ್ಟಡದಲ್ಲಿದ್ದ ಅರ್ಧ ಜನ ಅವರ ಶಿಷ್ಯರು. ಬೆಳಿಗ್ಗೆ ಬಂದವರೇ ಕೈಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಿದ್ದರು, ಬೇರೆ ಯಾರಿಗೂ ತೋರಿಸಿರಲಿಲ್ಲ. ಬೋರ್ಡಿನ ಕಾರ್ಯದರ್ಶಿ ಅಭ್ಯರ್ಥಿಗಳ ಪೆನ್ನಿನ ಬಣ್ಣಕ್ಕೂ ನಿಯಮ ತೆಗೆಯುವ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಅವನನ್ನು ರೂಲುದೊಣ್ಣೆ ಅನ್ನುತ್ತಿದ್ದರು. ಆ ರೂಲುದೊಣ್ಣೆಯೂ ಪ್ರೊಫೆಸರ ಮುಂದೆ ಹಲ್ಲು ಕಿರಿದು, "ನಿಮ್ಮದನ್ನ ನೋಡೋದೇನು ಸರ್" ಅಂದುಬಿಟ್ಟಿದ್ದ.

ಆ ಹಾಳೆಯ ಮುಂದೆ ಬಂದು ಕೂತವಳು ಮೂವತ್ತು ದಾಟಿದ ಒಬ್ಬ ಡಾಕ್ಟರು. ಹಿಂದಿನ ಸಲ ಕೂದಲೆಳೆಯಲ್ಲಿ ಫೇಲಾಗಿದ್ದಳು, ಇದು ಕೊನೆಯ ಅವಕಾಶ. ಈ ಸಲವೂ ಹೋದರೆ ಬೋರ್ಡಿನ ಬಾಗಿಲು ಅವಳಿಗೆ ಮುಚ್ಚಿದ ಹಾಗೆ. ಪಾಪ, ರಾತ್ರಿಹಗಲು ಓದಿಕೊಂಡು ಬಂದಿದ್ದಳು.

ಹಾಳೆಯಲ್ಲಿ ಒಬ್ಬ ಹೆಂಗಸು, ಅವಳಿಗೆ ಇಬ್ಬರು ಗಂಡಂದಿರು, ಅವರಿಬ್ಬರೂ ಅಣ್ಣತಮ್ಮಂದಿರು. ಅಣ್ಣನ ಮೇಲೆ ಅಡ್ಡಗೆರೆ. ಅವನಿಂದ ಅವಳಿ ಗಂಡುಮಕ್ಕಳು, ಅದರಲ್ಲಿ ಒಂದು ಹುಟ್ಟುತ್ತಲೇ ಹೋದದ್ದು. ತಮ್ಮನಿಂದ ಒಬ್ಬಳೇ ಮಗಳು. ಹೆಂಗಸಿನ ತಂದೆ ಕಪ್ಪು ತುಂಬಿದ ಚೌಕ. ಹೆಂಗಸಿನ ವೃತ್ತದ ನಡುವೆ ನೆಟ್ಟಗೆ ಒಂದು ಗೆರೆ. ಕಾಯಿಲೆ ಇನ್ನೂ ಕಾಣಿಸಿಲ್ಲ, ಆದರೆ ರಕ್ತದಲ್ಲಿದೆ, ಬಂದೇ ಬರುತ್ತದೆ ಎಂದು ಅದರ ಅರ್ಥ. ಕೈಕಾಲು ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿ, ಬುದ್ಧಿ ಮಂಕಾಗಿ, ಮನುಷ್ಯ ತನ್ನವರಿಗೇ ಅಪರಿಚಿತನಾಗಿ ಸಾಯುವ ಕಾಯಿಲೆ ಅದು. ಮದ್ದಿಲ್ಲ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

"ಈ ಮಗಳಿಗೆ ಬರುವ ಸಂಭವ ಎಷ್ಟು?" ಎಂದು ಪ್ರೊಫೆಸರು ಕೇಳಿದ್ದರು.

ಅವಳು ತುಂಬ ಹೊತ್ತು ಹಾಳೆ ನೋಡಿದಳು. "ಐವತ್ತು ಪರ್ಸೆಂಟ್" ಅಂದಳು. ಸರಿಯುತ್ತರ. ಆಮೇಲೆ ಆ ಸಣ್ಣ ವೃತ್ತದ ಮೇಲೆ ಬೆರಳಿಟ್ಟು, "ಇದು ನಾನು ಸರ್" ಅಂದು ಎದ್ದು ಹೋದಳು.

ಇಷ್ಟನ್ನೂ ಪ್ರೊಫೆಸರೇ ಹೇಳಿದರು, ಅದೂ ಯಾರೋ ಅವರ ಕಾಲು ತುಳಿದು ಹೋದ ಹಾಗೆ ಮುಖ ಮಾಡಿಕೊಂಡು.

"ತಾಯಿ ನನ್ನ ಪೇಶೆಂಟು. ಎರಡು ವರ್ಷ ಆಯ್ತು. ಮಗಳು ಡಾಕ್ಟರು ಅಂದಿದ್ದಳು, ಎಂಥಾ ಡಾಕ್ಟರು ಅಂತ ನಾನ್ಯಾಕೆ ಕೇಳಲಿ? 'ನನ್ನ ಮಗಳಿಗೆ ಯಾವ ಕಾರಣಕ್ಕೂ ಗೊತ್ತಾಗಬಾರದು, ಸಮಯ ನೋಡಿ ನಾನೇ ಹೇಳ್ತೀನಿ' ಅಂತ ಕೈ ಮುಗಿದಿದ್ದಳು. ನಾನೂ ಹೇಳಿಲ್ಲಮ್ಮ. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

"ಬಾಯಿ ಬಿಡಲಿಲ್ಲ, ಬರೆದು ಮುಂದಿಟ್ಟಿರಿ."

"ನೋಡಮ್ಮ, ಅಣ್ಣತಮ್ಮಂದಿರು, ಅವಳಿಗಳು, ಇಷ್ಟು ಚೆಂದದ ವಂಶವೃಕ್ಷ ಸಿಗೋದೇ ಅಪರೂಪ. ಅದನ್ನ ಬದಲಾಯಿಸಿದ್ರೆ ಕೇಸಿನ ಸೊಗಸೇ ಹೋಗುತ್ತೆ."

ಸೊಗಸು! ಅಧ್ಯಕ್ಷೆಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಒಬ್ಬ ಹೆಂಗಸಿನ ಗಂಡ ಸತ್ತದ್ದು, ಮಗು ಸತ್ತದ್ದು, ಅವಳ ಮೈಯಲ್ಲಿ ಸಾವು ಕಾದು ಕೂತದ್ದು, ಎಲ್ಲ ಸೇರಿ ಈ ಮನುಷ್ಯನಿಗೆ ಸೊಗಸು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಅವರ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಇಪ್ಪತ್ತು ವರ್ಷ 'ಸರ್' ಅಂದ ಅಭ್ಯಾಸ ಕೈ ಹಿಡಿದು ನಿಲ್ಲಿಸಿತು.

ಬಾಗಿಲ ಬಳಿ ನಿಂತಿದ್ದ ರೂಲುದೊಣ್ಣೆ ನಡುವೆ ಬಾಯಿ ಹಾಕಿದ. "ಮೇಡಂ, ಪರೀಕ್ಷೆ ಮಧ್ಯದಲ್ಲಿ ಎದ್ದು ಹೋದ್ರೆ ನಿಯಮದ ಪ್ರಕಾರ ಫೇಲು."

"ಹೌದಾ?"

ಆ 'ಹೌದಾ' ಎಷ್ಟು ಮೆಲ್ಲಗಿತ್ತೆಂದರೆ ಅವನು ತಕ್ಷಣ ದಾರಿ ಬದಲಿಸಿದ. "ಇಲ್ಲ, ಪಾಪ, ಕಷ್ಟ ನನಗೂ ಅರ್ಥ ಆಗುತ್ತೆ. ಸುಮ್ಮನೆ ಪಾಸು ಮಾಡಿಬಿಡೋಣ. ಸರ್ ಮಾರ್ಕ್ಸ್ ಹಾಕ್ತಾರೆ, ನಾನು ಸಹಿ ತಗೋತೀನಿ. ಆ ಹುಡುಗಿಗೂ ಒಳ್ಳೇದು, ಬೋರ್ಡಿನ ಮರ್ಯಾದೆನೂ ಉಳಿಯುತ್ತೆ. ಅವಳು ಹೊರಗೆ ಎಲ್ಲೂ ಹೇಳದೆ ಇದ್ರೆ ಸಾಕು."

"ತಿಪ್ಪೆ ಸಾರಿಸೋದು ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ ನೀವು?" ಅಂದಳು ಅಧ್ಯಕ್ಷೆ. "ಅವಳ ತಲೆ ಮೇಲೆ ಬಂಡೆ ಹಾಕಿ, ಕೈಗೆ ಪೆಪ್ಪರ್‌ಮಿಂಟು ಕೊಟ್ಟು, ಅಳಬೇಡ ಅನ್ನೋದಾ? ಇಬ್ಬರೂ ಇಲ್ಲೇ ಕೂತಿರಿ. ಎದ್ದರೆ ನೋಡಿ."

ಹುಡುಗಿ ಕಾರಿಡಾರಿನ ಕೊನೆಯ ಶೌಚಾಲಯದಲ್ಲಿದ್ದಳು. ನಲ್ಲಿ ಬಿಟ್ಟುಕೊಂಡು, ನೀರಿಗೆ ಕೈಯೊಡ್ಡದೆ, ಸುಮ್ಮನೆ ನೋಡುತ್ತ ನಿಂತಿದ್ದಳು. ಅಧ್ಯಕ್ಷೆ ಹೋಗಿ ನಲ್ಲಿ ನಿಲ್ಲಿಸಿದಳು. ಇಂಥ ಸುದ್ದಿಯನ್ನು ಎಷ್ಟು ಮನೆಗಳಿಗೆ ಹೇಳಿದ್ದಾಳೋ ಲೆಕ್ಕವಿಲ್ಲ. ಎದುರಿಗೆ ಹೇಗೆ ಕೂರಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಲ್ಲ ಗೊತ್ತು. ಆದರೆ ಬಾಯಿಗೆ ಬಂದದ್ದು ಇಷ್ಟೇ: "ತಪ್ಪು ನಮ್ಮದಮ್ಮ. ಪೂರ್ತಿ ನಮ್ಮದು."

"ನಮ್ಮಜ್ಜ ಕುಡಿದು ಬಿದ್ದು ಸತ್ತರು ಅಂತ ಹೇಳ್ತಿದ್ರು ಮೇಡಂ," ಅಂದಳು ಹುಡುಗಿ. "ಬೀದೀಲಿ ತೂರಾಡ್ಕೊಂಡು ಬರೋರಂತೆ, ಮನೇಲಿ ಪಾತ್ರೆ ಎಸೆಯೋರಂತೆ. ಕುಡುಕ, ಕುಡುಕ ಅಂತ ಬೈದುಕೊಂಡೇ ಬೆಳೆದ್ವಿ ನಾವೆಲ್ಲ. ಅಲ್ಲಿ ನೋಡಿದ್ರೆ ಕಪ್ಪು ಚೌಕ. ಆ ಮನುಷ್ಯ ಒಂದು ಹನಿನೂ ಮುಟ್ಟಿರ್ಲಿಲ್ವೇನೋ." ಆಮೇಲೆ ಅಂದಳು, "ಅಮ್ಮ ಕೆಳಗೇ ಇದ್ದಾಳೆ. ಬೇಡ ಅಂದ್ರೂ ಫ್ಲಾಸ್ಕು ಹಿಡ್ಕೊಂಡು ನನ್ನ ಜೊತೆ ಬಂದಳು. ನನಗಿಂತ ಅವಳಿಗೇ ಪರೀಕ್ಷೆ ಇದ್ದ ಹಾಗಿದೆ."

ಕೆಳಗೇ ಇದ್ದಾಳೆ! ಅಧ್ಯಕ್ಷೆಯ ಸಿಟ್ಟಿಗೆ ಈಗ ಒಂದು ದಾರಿ ಸಿಕ್ಕಿತು. "ಬಾ. ಆ ಮನುಷ್ಯನ್ನ ಕೈ ಹಿಡಿದು ಕೆಳಗೆ ಎಳ್ಕೊಂಡು ಹೋಗ್ತೀನಿ. ನಿಮ್ಮಮ್ಮನ ಎದುರಿಗೆ ನಿಂತು, ನಾನು ಇಂಥಾ ಕೆಲಸ ಮಾಡಿದೆ ಅಂತ ಹೇಳಲಿ. ಅವರ ಕಾಲಿಗೆ ಬೀಳಲಿ."

"ಬೇಡ ಮೇಡಂ."

"ಯಾಕೆ ಬೇಡ? ಇಷ್ಟಾದ ಮೇಲೂ ಮರ್ಯಾದೆ ಕೊಡೋದಾ ಅವರಿಗೆ?"

"ಅವರಿಗಲ್ಲ." ಹುಡುಗಿ ಮೊದಲ ಸಲ ತಲೆಯೆತ್ತಿ ನೋಡಿದಳು. ಕಣ್ಣು ಕೆಂಪಗಿತ್ತು, ಅಳುವಿನಿಂದಲ್ಲ. "ನನಗೆ ಯಾವಾಗ ಹೇಳಬೇಕು ಅನ್ನೋದು ನಮ್ಮಮ್ಮನದು. ಎರಡು ವರ್ಷದಿಂದ ಒಳಗೇ ಇಟ್ಕೊಂಡು ಒದ್ದಾಡ್ತಿದ್ದಾಳೆ. ಅದನ್ನೂ ನೀವೇ ಕಿತ್ಕೋತೀರಾ? ನಿಮ್ಮ ಸಿಟ್ಟು ತೀರಿಸ್ಕೊಳ್ಳೋಕೆ ನಮ್ಮಮ್ಮನೇ ಬೇಕಾ?"

ಅಧ್ಯಕ್ಷೆಗೆ ಕಪಾಳಕ್ಕೆ ಹೊಡೆದಂತಾಯಿತು. ನಾಲ್ಕು ಹೆಜ್ಜೆ ಆಚೆ ಆ ಮುದುಕರು ಮಾಡಿದ್ದನ್ನೇ ತಾನೂ ಮಾಡಲು ಹೊರಟಿದ್ದಳು, ಅದೂ ನ್ಯಾಯದ ಹೆಸರಿನಲ್ಲಿ. "ಇಲ್ಲ," ಅಂದಳು. "ನೀನು ಹೇಳಿದ ಹಾಗೇ ಆಗಲಿ. ಪರೀಕ್ಷೆ ರದ್ದು ಮಾಡಿಸ್ತೀನಿ, ತಪ್ಪು ಬೋರ್ಡಿನದು ಅಂತ ಬರೆಸ್ತೀನಿ. ಇನ್ನೊಂದು ದಿನ, ಬೇರೆ ಕೇಸು, ಬೇರೆ ಪರೀಕ್ಷಕರು. ನಿನ್ನ ಅವಕಾಶ ಹೋಗಲ್ಲ."

"ಬೇರೆ ದಿನ ಬಂದ್ರೆ ಅಮ್ಮ ಯಾಕೆ ಅಂತ ಕೇಳ್ತಾಳೆ. ಇವತ್ತೇ ಆಗಲಿ." ಹುಡುಗಿ ಬಾಗಿಲ ಕಡೆ ತಿರುಗಿದಳು. "ಅದೇ ಕೇಸು ಇರಲಿ. ಅದೇ ಸರ್ ಕೇಳಲಿ. ಇನ್ನೂ ಎರಡು ಪ್ರಶ್ನೆ ಬಾಕಿ ಇತ್ತು."

"ಹುಚ್ಚಾ ನಿನಗೆ?"

"ಇನ್ಮೇಲೆ ದಿನಾ ಅದೇ ಪ್ರಶ್ನೆ ತಾನೇ ಮೇಡಂ, ಮನೇಲಿ?"

ಅಧ್ಯಕ್ಷೆ ಬೇಡವೆಂದು ಎಷ್ಟೋ ಹೇಳಿ ನೋಡಿದಳು. ಹುಡುಗಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಇಬ್ಬರೂ ಕೋಣೆಗೆ ಬಂದರು. ಪ್ರೊಫೆಸರು ಅವಳನ್ನು ನೋಡಿ ಅರ್ಧ ಎದ್ದು ಮತ್ತೆ ಕೂತರು. ರೂಲುದೊಣ್ಣೆ ಗೋಡೆಗೆ ಅಂಟಿದ. ಅಧ್ಯಕ್ಷೆ ಪ್ರೊಫೆಸರ ಪಕ್ಕದ ಕುರ್ಚಿ ಎಳೆದು ಕೂತು, ಹಾಳೆಯನ್ನು ಅವರ ಕಡೆ ತಳ್ಳಿದಳು.

"ಓದಿ ಸರ್. ಎರಡನೇ ಪ್ರಶ್ನೆ."

"ಬೇಡಮ್ಮ, ಇದು..."

"ಓದಿ."

ಪ್ರೊಫೆಸರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುತ್ತಿದ್ದ ಆ ಗಂಟೆಯಂಥ ಧ್ವನಿ ಎಲ್ಲಿ ಹೋಯಿತೋ, ಗೊಗ್ಗರಾಗಿತ್ತು. "ಈ ಮಗಳು... ನಿಮ್ಮ ಬಳಿ ಬಂದಿದ್ದಾಳೆ. ಆಕೆಯ ಜೊತೆ ನೀವು ಆಡುವ ಮೊದಲ ಮಾತು ಯಾವುದು?"

ಅದರ ಸರಿಯುತ್ತರ ಅವರ ಎಡಗೈ ಕೆಳಗೇ ಇತ್ತು, ಅವರೇ ಬರೆದದ್ದು. ಅಧ್ಯಕ್ಷೆಗೆ ಅದನ್ನು ನೋಡಬೇಕಾಗಿರಲಿಲ್ಲ. ಮೊದಲ ವರ್ಷದ ಮೊದಲ ಪಾಠ ಅದು, ಆಕೆಗೆ ಕಲಿಸಿದವರೂ ಅವರೇ.

"ಮೊದಲು ಕೇಳ್ತೀನಿ ಸರ್," ಅಂದಳು ಹುಡುಗಿ. "ನಿಮಗೆ ಇದೆಲ್ಲ ಗೊತ್ತಾಗೋದು ಬೇಕಾ, ಬೇಡ್ವಾ ಅಂತ ಕೇಳ್ತೀನಿ. ಬೇಡ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ನನ್ನ ಕೈಲಿರೋ ಹಾಳೇನ ಮಡಚಿ ಇಡ್ತೀನಿ. ಬೇಕು ಅಂದ್ರೂ ಅವತ್ತೇ ಹೇಳಲ್ಲ, ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅಂತೀನಿ." ಅವಳು ಪ್ರೊಫೆಸರ ಮುಖವನ್ನೇ ನೋಡಿದಳು. "ನನ್ನನ್ನ ಯಾರೂ ಕೇಳಲಿಲ್ಲ ಸರ್."

ಪ್ರೊಫೆಸರು ಕೈ ಜೋಡಿಸಿದರು. "ತಪ್ಪಾಯ್ತಮ್ಮ. ನನ್ನಿಂದ ದೊಡ್ಡ..."

"ಅದು ಪ್ರಶ್ನೆ ಅಲ್ಲ ಸರ್," ಅಂದಳು ಹುಡುಗಿ. "ಮೂರನೇದು ಕೇಳಿ."

ಮೂರನೆಯದನ್ನು ಅಧ್ಯಕ್ಷೆಯೇ ಕೇಳಬೇಕಾಯಿತು. ಹುಡುಗಿ ಅದಕ್ಕೂ ಉತ್ತರ ಹೇಳಿದಳು, ನಮಸ್ಕಾರ ಮಾಡಿದಳು, ಬ್ಯಾಗು ತಗೊಂಡು ಬಾಗಿಲಿನ ತನಕ ಹೋಗಿ ತಿರುಗಿ ನಿಂತಳು. "ನಾನು, ಅಮ್ಮ ಹೊರಟು ಹೋಗೋವರೆಗೂ ಸರ್ ಕೆಳಗೆ ಬರಬಾರದು. ಅಮ್ಮ ಅವರನ್ನ ಇಲ್ಲಿ ನೋಡಿದ್ರೆ ಎಲ್ಲ ಗೊತ್ತಾಗಿಬಿಡುತ್ತೆ."

ಅವಳು ಹೋದ ಮೇಲೆ ಪ್ರೊಫೆಸರು ಅಂಕಪಟ್ಟಿಯಲ್ಲಿ ಮಾರ್ಕ್ಸ್ ಹಾಕಿದರು. ಪೂರ್ತಿ ಹಾಕಿದರು. ಅಧ್ಯಕ್ಷೆ ಕೂತಲ್ಲೇ ವರದಿ ಬರೆದಳು: ತಪ್ಪು ಯಾರದು, ಏನು, ಯಾವ ನಿಯಮ ಮುರಿದು ಆದದ್ದು, ಈ ಪರೀಕ್ಷಕರು ಇನ್ನು ಮುಂದೆ ಬೋರ್ಡಿನ ಯಾವ ಕೋಣೆಯಲ್ಲೂ ಕೂರತಕ್ಕದ್ದಲ್ಲ. ಅಭ್ಯರ್ಥಿ ಯಾರು, ಯಾವ ಕುಟುಂಬ ಎಂಬುದರ ಸುಳಿವೂ ಬರದಂತೆ ಬರೆದಳು.

"ಮೇಡಂ, ಇಷ್ಟೆಲ್ಲ ಬರೀಬೇಕಾ? ನಾಳೆ ಹತ್ತು ಜನ ಓದ್ತಾರೆ," ಅಂದ ರೂಲುದೊಣ್ಣೆ.

"ಓದಲಿ. ನಿಮ್ಮ ಹೆಸರೂ ಇದೆ."

"ನಾನು ನಿನಗೆ ಪಾಠ ಹೇಳಿದವನಮ್ಮ," ಅಂದರು ಪ್ರೊಫೆಸರು, ಮೇಜು ನೋಡುತ್ತ.

"ಅದಕ್ಕೇ ಸರ್ ಇಷ್ಟು ಉರಿಯೋದು," ಅಂದಳು ಅಧ್ಯಕ್ಷೆ. "ಬೇರೆ ಯಾರೋ ದಡ್ಡ ಮಾಡಿದ್ರೆ ಬೈದು ಮರೀತಿದ್ದೆ."

ಆಕೆ ಎದ್ದು ಕಿಟಕಿಯ ಹತ್ತಿರ ಹೋದಳು. ಕೆಳಗೆ ಗೇಟಿನ ಪಕ್ಕದ ಕಲ್ಲುಬೆಂಚಿನಿಂದ ಒಬ್ಬ ಹೆಂಗಸು ಗಡಿಬಿಡಿಯಿಂದ ಎದ್ದು ನಿಂತಿದ್ದಳು. ಹುಡುಗಿ ದೂರದಿಂದಲೇ ನಗುತ್ತ, ಚೆನ್ನಾಗಾಯ್ತು ಎಂಬಂತೆ ಕೈಯಾಡಿಸುತ್ತ ಬಂದಳು. ತಾಯಿ ಮಗಳ ಕೆನ್ನೆ ಸವರಿದಳು, ಬ್ಯಾಗು ಕಿತ್ತುಕೊಂಡಳು, ಏನೇನೋ ಕೇಳಿದಳು. ಆಮೇಲೆ ಫ್ಲಾಸ್ಕಿನ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿದಳು. ಲೋಟ ಹಿಡಿದ ಕೈಯ ಬೆರಳುಗಳು ಒಂದು ಸಲ ಜಿಗಿದವು. ಚಹಾ ಚೆಲ್ಲಿತು. ಹೆಂಗಸು ನಕ್ಕು, ಅಯ್ಯೋ ನನ್ನ ಕೈಯೇ ಅನ್ನುವಂತೆ ಸೆರಗಿಗೆ ಒರೆಸಿಕೊಂಡಳು. ಮತ್ತೆ ಬಗ್ಗಿಸಿದಳು, ಮತ್ತೆ ಬೆರಳು ಜಿಗಿದವು.

"ನೋಡ್ಬೇಡ ಕಣೇ," ಎಂದು ಅಧ್ಯಕ್ಷೆ ಕಿಟಕಿಯ ಗಾಜಿಗೆ ಹೇಳಿದಳು. "ಮುಖ ನೋಡು. ಕೈ ನೋಡ್ಬೇಡ."

ಹುಡುಗಿ ಕೈಯನ್ನೇ ನೋಡುತ್ತಿದ್ದಳು.