ದೊಡ್ಡಮ್ಮನಿಗೆ ಉಸಿರು ಕಟ್ಟಿದ ಸಂಜೆ

ಪ್ರೆಸ್ಸಿನವನ ದೊಡ್ಡಮ್ಮ ಹೆಂಗಸಲ್ಲ, ಮೆಷಿನ್ನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಒಬ್ಬ ದೊಡ್ಡ ಮನುಷ್ಯನ ಮಾನ ತುಂಬಿದ ಕೋರ್ಟಿನಲ್ಲಿ ಹರಾಜಾಯಿತು. ಅದು ಅವನು ಕೆಲಸ ಮಾಡುತ್ತಿದ್ದ ಮುದ್ರಣಾಲಯದ ಎಲ್ಲಕ್ಕಿಂತ ಹಳೆಯ ಮೆಷಿನ್ನು. ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಳ್ಳಲು ಅದಕ್ಕೊಂದು ಗಾಳಿಯ ಪಂಪು. ಪಂಪು ಮುನಿಸಿಕೊಂಡರೆ ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತಿತ್ತು, ಇಲ್ಲವೇ ಒಂದನ್ನೂ ಎಳೆಯದೆ ಸುಮ್ಮನೆ ಬುಸುಗುಡುತ್ತಿತ್ತು. ಆಗ ಕೆಲಸದವರು ದೊಡ್ಡಮ್ಮನಿಗೆ ಉಸಿರು ಕಟ್ಟಿದೆ ಎನ್ನುತ್ತಿದ್ದರು. ಅವಳನ್ನು ಸಮಾಧಾನ ಮಾಡುವುದರಲ್ಲಿ ಪ್ರೆಸ್ಸಿನವನದು ಎತ್ತಿದ ಕೈ. ಅವನ ಅಪ್ಪನೂ ಅವಳ ಮುಂದೆಯೇ ನಿಂತು ನಿಂತು ಮುದುಕನಾದವನು.

ಈಗ ಪ್ರೆಸ್ಸಿನವನು ಜೈಲಿನಲ್ಲಿದ್ದ. ಮುದ್ರಣಾಲಯದ ಹಿಂದಿನ ಕಾಗದದ ಗೋದಾಮು ಒಂದು ಸಂಜೆ ಹೊತ್ತಿ ಉರಿದಿತ್ತು. ಆ ಸಂಜೆ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದವನು ಅವನು, ಹಿಂದಿನ ದಿನ ಮಾಲೀಕನ ಜೊತೆ ಬಾಯಿಗೆ ಬಾಯಿ ಕೊಟ್ಟವನೂ ಅವನೇ. ಪೊಲೀಸರಿಗೆ ಅಷ್ಟು ಸಾಕಾಯಿತು.

ಅವನ ಪರವಾಗಿ ನಿಂತವಳು ವಕೀಲಮ್ಮ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಕೆಯ ಕಚೇರಿ. ಕೆಳಗೆ ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು ದಿನವಿಡೀ ಮೇಲಕ್ಕೆ ಕೇಳಿಸುತ್ತಿತ್ತು. ಆಕೆಗೆ ಅದು ಅಭ್ಯಾಸವಾಗಿ ಹೋಗಿತ್ತು. ಯಾರಾದರೂ ತಪ್ಪು ಓದಿದರೆ ಕುಳಿತಲ್ಲೇ ತಿದ್ದುತ್ತಿದ್ದಳು. ಆಕೆಯ ನಾಲಿಗೆ ಹರಿತ, ತಾಳ್ಮೆ ಅದಕ್ಕಿಂತ ಗಟ್ಟಿ. ಮನೆಯಲ್ಲಿ ಗಂಡ ಮಾತ್ರ ಎರಡನೆಯದನ್ನು ಒಪ್ಪುತ್ತಿರಲಿಲ್ಲ.

ಜೈಲಿಗೆ ಹೋಗಿ ಕಕ್ಷಿದಾರನನ್ನು ನೋಡುವುದೆಂದರೆ ಆ ದಿನ ಬೇರೆ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ. ಊರಾಚೆಯ ದಾರಿ, ಉದ್ದದ ಸಾಲು. ಒಳಗೆ ಹೋದರೆ ಗಾಜಿನ ಆಚೆ ಅವನು, ಈಚೆ ಆಕೆ, ನಡುವೆ ಒಂದು ಫೋನು, ಬೆನ್ನ ಹಿಂದೆ ಕಿವಿ ನೆಟ್ಟಗೆ ಮಾಡಿಕೊಂಡ ಕಾವಲಿನವನು. ಆದ್ದರಿಂದಲೇ ಜೈಲಿನಲ್ಲಿ ಕಂಪ್ಯೂಟರ್ ಕೋಣೆ ತೆರೆದು, ಕೈದಿಗಳು ಮೇಲ್ ಕಳಿಸಬಹುದು ಎಂದಾಗ ವಕೀಲಮ್ಮನಿಗೆ ಖುಷಿಯಾಗಿತ್ತು. ಆದರೆ ಕಂಪ್ಯೂಟರಿನ ಮುಂದೆ ಕೂತವನಿಗೆ ಮೊದಲು ಕಾಣುತ್ತಿದ್ದದ್ದು ಒಂದು ಎಚ್ಚರಿಕೆ: ಇಲ್ಲಿ ಬರೆಯುವ ಎಲ್ಲವನ್ನೂ ಪರಿಶೀಲಿಸಲಾಗುತ್ತದೆ. ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿ. ಒಪ್ಪದವನಿಗೆ ಗುಂಡಿ ಇರಲಿಲ್ಲ.

ವಕೀಲಮ್ಮ ಜೈಲಿನ ಅಧಿಕಾರಿಯನ್ನು ನೇರವಾಗಿಯೇ ಕೇಳಿದ್ದಳು. "ವಕೀಲರ ಲಕೋಟೆ ಬಂದ್ರೆ ನೀವು ಒಡೆಯೋ ಹಾಗಿಲ್ಲ. ಮೇಲ್ ಮಾತ್ರ ಯಾಕೆ ಓದ್ತೀರಾ?"

"ಲಕೋಟೆಗೆ ಅಂಟು ಇರುತ್ತೆ ಮೇಡಂ," ಎಂದ ಆತ, ತುಂಬ ಯೋಚಿಸಿದವನಂತೆ. "ಮೇಲ್‌ಗೆ ಅಂಟು ಎಲ್ಲಿದೆ ಹೇಳಿ?"

ಇಂಥ ಮಾತಿಗೆ ಉತ್ತರ ಕೊಡುವುದಕ್ಕಿಂತ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು ಸುಲಭ. ಬೇರೆ ದಾರಿ ಇಲ್ಲದೆ ಇಬ್ಬರೂ ಮೇಲ್‌ನಲ್ಲೇ ಬರೆದುಕೊಂಡರು. ಪ್ರೆಸ್ಸಿನವನು ಮೊದಮೊದಲು ಮನಸ್ಸು ಬಿಚ್ಚಿ ಬರೆದ. ಆ ಸಂಜೆ ತಾನು ಯಾಕೆ ತಡವಾಗಿ ಹೊರಟೆ ಎಂಬುದನ್ನು ಅವನು ಹೇಳಿದ್ದು ಹೀಗೆ: "ದೊಡ್ಡಮ್ಮನ ಹತ್ತಿರ ಇದ್ದೆ ಮೇಡಂ. ಪಾಪ, ಅವಳಿಗೆ ಉಸಿರು ಕಟ್ಟಿತ್ತು. ಹಾಗೇ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ. ಎಣ್ಣೆ ಹಾಕಿ ನೋಡಿಕೊಂಡೆ. ಸ್ವಲ್ಪ ಸರಿಹೋದ ಮೇಲೆ ಮನೆಗೆ ಹೋದೆ." ವಕೀಲಮ್ಮ ಮುದ್ರಣಾಲಯಕ್ಕೆ ಹೋಗಿ ದೊಡ್ಡಮ್ಮನನ್ನು ಕಣ್ಣಾರೆ ನೋಡಿ ಬಂದಿದ್ದಳು, ಆದ್ದರಿಂದ ಆಕೆಗೆ ಯಾವ ಗೊಂದಲವೂ ಆಗಲಿಲ್ಲ.

ಇನ್ನೊಂದು ಮೇಲ್‌ನಲ್ಲಿ ಅವನು ಎದುರುಗಡೆಯ ಟೀ ಅಂಗಡಿಯ ಹೆಂಗಸಿನ ವಿಷಯ ಬರೆದ. ಅವನು ಬೀಗ ಹಾಕಿ ಹೊರಟದ್ದನ್ನು ಆಕೆ ನೋಡಿದ್ದಳು, ಆಗ ಗೋದಾಮಿನ ಕಡೆ ಹೊಗೆಯ ಸುಳಿವೂ ಇರಲಿಲ್ಲ. ವಕೀಲಮ್ಮ ಅಂಗಡಿಗೆ ಹೋಗುವಷ್ಟರಲ್ಲಿ ಯಾರೋ ಮೊದಲೇ ಬಂದು ಹೋಗಿದ್ದರು. ಟೀ ಅಂಗಡಿಯವಳು ಲೋಟ ತೊಳೆಯುತ್ತ, ತಲೆ ಎತ್ತದೆ ಹೇಳಿದಳು: "ನಾನೇನೂ ನೋಡಿಲ್ಲಮ್ಮ. ನನಗೂ ಮಕ್ಕಳಿದ್ದಾರೆ."

ಮುಂದಿನ ಸಲ ಗಾಜಿನ ಆಚೆ ಕೂತ ಪ್ರೆಸ್ಸಿನವನಿಗೆ ಇದನ್ನು ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. ಅವನೇನೂ ಪೆದ್ದನಲ್ಲ. "ನಾನು ಬರೆದದ್ದು ನಿಮಗೊಬ್ಬರಿಗೇ ಅಲ್ವಾ ಮೇಡಂ?" ಎಂದ. ಆಮೇಲೆ ದನಿ ತಗ್ಗಿಸಿದ. "ಇನ್ನೊಂದು ವಿಷಯ ಇದೆ. ಅದು ಗೊತ್ತಾದ್ರೆ ನಾನು ಹೊರಗೆ ಬರ್ತೀನಿ. ಆದ್ರೆ ಇನ್ನೊಬ್ಬರ ಹೆಸರು ಬರುತ್ತೆ. ಅವರ ಮನೆ ಬಾಗಿಲಿಗೂ ಹೀಗೇ ಯಾರಾದ್ರೂ ಹೋದ್ರೆ ಆ ಪಾಪ ನನಗೆ ಬೇಡ."

"ನನಗಾದ್ರೂ ಹೇಳಿ."

ಅವನು ಆಕೆಯ ಹಿಂದೆ ನಿಂತ ಕಾವಲಿನವನ ಕಡೆ ನೋಡಿದ, ಕೈಯಲ್ಲಿದ್ದ ಫೋನಿನ ಕಡೆ ನೋಡಿದ. "ಎಲ್ಲಿ ಹೇಳಲಿ ಮೇಡಂ?"

ಅಂದಿನಿಂದ ಅವನ ಮೇಲ್‌ಗಳಲ್ಲಿ ಕ್ಷೇಮಸಮಾಚಾರ ಬಿಟ್ಟು ಬೇರೇನೂ ಇರಲಿಲ್ಲ. ವಕೀಲಮ್ಮ ಕೂತು ಯೋಚಿಸಿದಳು. ಅವನನ್ನು ಬಿಡಿಸುವ ಮಾತು ಅವನ ಬಾಯಲ್ಲೇ ಇದೆ, ಕೇಳುವ ಕಿವಿ ತನ್ನ ಹತ್ತಿರ ಇದೆ, ನಡುವೆ ಯಾರೋ ಮೂಗು ತೂರಿಸಿ ಕೂತಿದ್ದಾರೆ. ವಕೀಲರ ಮೇಲ್‌ಗಳನ್ನು ಯಾರೂ ಓದಕೂಡದು ಎಂದು ಆಕೆ ಕೋರ್ಟಿಗೆ ಅರ್ಜಿ ಹಾಕಿದಳು.

ಅದನ್ನು ವಿರೋಧಿಸಲು ಎದ್ದವನು ಸರಕಾರಿ ವಕೀಲ. ಬೂಟಿನಿಂದ ಹಿಡಿದು ಮಾತಿನವರೆಗೆ ಎಲ್ಲವೂ ಫಳಫಳ ಎನ್ನುತ್ತಿದ್ದದ್ದರಿಂದ ಕೋರ್ಟಿನ ಪಡಸಾಲೆಯಲ್ಲಿ ಅವನಿಗೆ ಪಾಲಿಶ್ ಎಂದೇ ಹೆಸರು. "ಕೈದಿಗಳ ಮೇಲ್ ಓದ್ತಾ ಕೂರೋಕೆ ಯಾರಿಗೆ ಪುರುಸೊತ್ತಿದೆ ಸ್ವಾಮಿ?" ಎಂದ ಪಾಲಿಶ್. "ಅದೆಲ್ಲ ಸುಮ್ಮನೆ ಒಂದು ಕಡೆ ಬಿದ್ದಿರುತ್ತೆ. ನಮಗೆ ನಮ್ಮ ಕಾಗದ ಓದೋಕೇ ಟೈಮಿಲ್ಲ."

ನ್ಯಾಯಾಧೀಶರು ಕಡಿಮೆ ಮಾತಿನವರು. "ಓದಿದ್ದಾರೆ ಅನ್ನೋದಕ್ಕೆ ಏನಾದರೂ ತೋರಿಸಿ," ಎಂದರು ವಕೀಲಮ್ಮನಿಗೆ. "ಬರೀ ಅನುಮಾನದ ಮೇಲೆ ಆಜ್ಞೆ ಮಾಡೋಕಾಗಲ್ಲ." ಅರ್ಜಿ ಪಕ್ಕಕ್ಕೆ ಸರಿಯಿತು, ವಿಚಾರಣೆ ಮುಂದುವರಿಯಿತು.

ಪ್ರೆಸ್ಸಿನವನ ಹೆಂಡತಿ ಸಾಕ್ಷಿ ಹೇಳುವ ದಿನ ಬಂತು. ಶಾಲೆಯ ಮಕ್ಕಳ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದ ಹೆಂಗಸು. ಮಾತು ತಡವರಿಸಲಿಲ್ಲ. ಗಂಡ ಆ ಸಂಜೆ ಎಂದಿನ ಹಾಗೆ ಮನೆಗೆ ಬಂದ, ಕೈಕಾಲು ತೊಳೆದ, ಊಟ ಮಾಡಿದ ಎಂದು ವಕೀಲಮ್ಮನ ಪ್ರಶ್ನೆಗಳಿಗೆ ಹೇಳಿದಳು. ದೊಡ್ಡಮ್ಮನ ಹೆಸರು ಆಕೆಯ ಬಾಯಲ್ಲಿ ಬರಲಿಲ್ಲ. ಪೊಲೀಸರ ಕಾಗದಗಳಲ್ಲೂ ಅದು ಇರಲಿಲ್ಲ. ಅಲ್ಲಿ ಇದ್ದದ್ದು ಬರೀ 'ಮುದ್ರಣ ಯಂತ್ರ'.

ಪಾಲಿಶ್ ಪಾಟೀಸವಾಲಿಗೆ ಎದ್ದು, ಬಲೆಗೆ ಮೀನು ಬಿದ್ದಾಯಿತು ಎನ್ನುವ ಮುಖದಲ್ಲಿ ಸಾಕ್ಷಿ ಕಟ್ಟೆಯ ಹತ್ತಿರ ಬಂದ.

"ನಿಮ್ಮ ಗಂಡನಿಗೆ ಒಬ್ಬರು ದೊಡ್ಡಮ್ಮ ಇದ್ದಾರಂತೆ, ಹೌದಾ?"

ವಕೀಲಮ್ಮ ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು.

"ಇದಾಳಲ್ಲ," ಎಂದಳು ಹೆಂಡತಿ.

"ಗಾಬರಿಯಾಗಬೇಡಿ, ನಿಧಾನಕ್ಕೆ ಹೇಳಿ. ಅವರಿಗೆ ವಯಸ್ಸೆಷ್ಟು?"

"ಸರಿಯಾಗಿ ಗೊತ್ತಿಲ್ಲ. ನಮ್ಮ ಮಾವನಿಗಿಂತ ಹಳಬಳು."

"ಆ ದಿನ ಸಂಜೆ ಅವರಿಗೆ ಉಸಿರಾಟದ ತೊಂದರೆ ಆಗಿತ್ತು. ನಿಮ್ಮ ಗಂಡ ಎಣ್ಣೆ ಹಚ್ಚಿ ಉಪಚಾರ ಮಾಡಿದರು. ಇದೇ ತಾನೇ ನೀವೆಲ್ಲ ಸೇರಿ ಹೇಳಬೇಕು ಅಂತಿರೋ ಕತೆ?"

ಆಕ್ಷೇಪಣೆ ಎತ್ತಲು ಅರ್ಧ ಎದ್ದಿದ್ದ ವಕೀಲಮ್ಮ ಹಾಗೆಯೇ ಕೂತುಬಿಟ್ಟಳು. ಬಾಯಿ ಬಿಟ್ಟರೆ ಇವನು ಎಚ್ಚೆತ್ತುಕೊಳ್ಳುತ್ತಾನೆ. ಆಕೆ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಪಾಲಿಶ್ ನ್ಯಾಯಾಧೀಶರ ಕಡೆ ತಿರುಗಿದ. "ನಾವು ಎಲ್ಲ ಕಡೆ ವಿಚಾರಿಸಿದ್ದೇವೆ ಸ್ವಾಮಿ. ಆರೋಪಿಯ ತಾಯಿಗೆ ಅಕ್ಕ ಇಲ್ಲ, ತಂದೆಗೆ ಅಣ್ಣ ಇಲ್ಲ. ಇಲ್ಲದ ಮುದುಕಿಯೊಬ್ಬಳನ್ನು ಹುಟ್ಟಿಸಿ ಇವರು ಕೋರ್ಟಿನ ಕಣ್ಣಿಗೆ ಮಣ್ಣೆರಚೋಕೆ ಹೊರಟಿದ್ದಾರೆ." ಆಮೇಲೆ ಸಾಕ್ಷಿಯ ಕಡೆ ಬೆರಳು ತೋರಿಸಿದ. "ಎಲ್ಲಮ್ಮ ಆ ಮುದುಕಿ? ಕರೆದುಕೊಂಡು ಬನ್ನಿ ನೋಡೋಣ."

ಹೆಂಡತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅವಳನ್ನ ಹೇಗೆ ಕರೆದುಕೊಂಡು ಬರೋದು ಸ್ವಾಮಿ? ಕ್ರೇನು ಬೇಕಾಗುತ್ತೆ. ಅವಳು ಪ್ರಿಂಟಿಂಗ್ ಮೆಷಿನ್ನು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ ಸಾಕಾಯಿತು. ಗುಮಾಸ್ತರು ಕಾಗದದ ಹಿಂದೆ ಮುಖ ಮುಚ್ಚಿಕೊಂಡರು, ಕೈದಿಯ ಪಕ್ಕ ನಿಂತಿದ್ದ ಪೊಲೀಸಿನವನು ಕೆಮ್ಮಿದ ಹಾಗೆ ಮಾಡಿ ನಕ್ಕ. ಪ್ರೆಸ್ಸಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಜೈಲು ಸೇರಿದ ಮೇಲೆ ಅವನು ನಕ್ಕದ್ದನ್ನು ಹೆಂಡತಿ ನೋಡಿದ್ದು ಆಗಲೇ. ಪಾಲಿಶ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ನಗದೆ ಇದ್ದವಳು ವಕೀಲಮ್ಮ ಒಬ್ಬಳೇ. ನಗು ಇಳಿಯುವವರೆಗೆ ಕಾದು ಎದ್ದಳು.

"ದೊಡ್ಡಮ್ಮ ಅನ್ನೋ ಹೆಸರು ನಮ್ಮ ಸ್ನೇಹಿತರಾದ ಸರಕಾರಿ ವಕೀಲರಿಗೆ ಎಲ್ಲಿ ಸಿಕ್ಕಿತು ಅಂತ ಕೋರ್ಟು ಕೇಳಬೇಕು ಸ್ವಾಮಿ."

"ಎಲ್ಲೋ ಕೇಳಿದ್ದು," ಎಂದ ಪಾಲಿಶ್. "ಮುದ್ರಣಾಲಯದ ಹತ್ತಿರ ಜನ ಮಾತಾಡ್ತಿದ್ರು."

"ಮುದ್ರಣಾಲಯದಲ್ಲಿ ಕೇಳಿದವರಿಗೆ ಅದು ಮೆಷಿನ್ನು ಅಂತ ಗೊತ್ತಿರುತ್ತೆ. ಅಲ್ಲಿ ಗೇಟು ಕಾಯೋರಿಗೂ ಗೊತ್ತು. ದೊಡ್ಡಮ್ಮ ಅಂದ್ರೆ ಒಬ್ಬಳು ಮುದುಕಿ, ಅವಳಿಗೆ ಉಸಿರು ಕಟ್ಟಿತ್ತು, ಎಣ್ಣೆ ಹಚ್ಚಿದರು ಅಂತ ತಪ್ಪು ತಿಳಿಯೋಕೆ ಲೋಕದಲ್ಲಿ ಒಂದೇ ಒಂದು ದಾರಿ ಇದೆ. ನನ್ನ ಕಕ್ಷಿದಾರ ಜೈಲಿನಿಂದ ನನಗೊಬ್ಬಳಿಗೇ ಬರೆದ ಮೇಲ್ ಓದಬೇಕು. ಓದಿ, ಅರ್ಥವಾಗದೆ ಇರಬೇಕು." ಕೊನೆಯ ಮಾತನ್ನು ಆಕೆ ಬೇಕೆಂದೇ ಸೇರಿಸಿದಳು. ಮೇಲ್‌ನ ಪ್ರತಿಯನ್ನು ನ್ಯಾಯಾಧೀಶರ ಮುಂದಿಟ್ಟಳು.

ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದರು. "ಯಾರಿಗೂ ಪುರುಸೊತ್ತಿಲ್ಲ ಅಂದಿದ್ರಿ," ಎಂದರು ಪಾಲಿಶ್‌ಗೆ.

"ನಾನು ಓದಲಿಲ್ಲ ಸ್ವಾಮಿ. ಜೈಲಿನಿಂದ ಬರುತ್ತೆ, ಆಫೀಸಿನವರು ಸಾರಾಂಶ ಮಾಡಿ ಕೊಡ್ತಾರೆ." ಹೇಳಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ, ಆದರೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಎಲ್ಲರ ಕಿವಿಗೂ ಬಿದ್ದಾಗಿತ್ತು.

"ಟೀ ಅಂಗಡಿಯವಳ ವಿಷಯವೂ ಸಾರಾಂಶದಲ್ಲಿ ಇತ್ತಾ?" ಎಂದು ಕೇಳಿದಳು ವಕೀಲಮ್ಮ. ಪಾಲಿಶ್ ತನ್ನ ಬೂಟು ನೋಡಿಕೊಂಡ.

ನ್ಯಾಯಾಧೀಶರು ಪಕ್ಕಕ್ಕೆ ಸರಿಸಿದ್ದ ಅರ್ಜಿಯನ್ನು ತರಿಸಿಕೊಂಡು ಅಲ್ಲೇ ಆಜ್ಞೆ ಹೇಳಿದರು. ಜೈಲಿನಲ್ಲಿ ಇರುವ ಯಾವ ಕೈದಿಯೇ ಆಗಲಿ ತನ್ನ ವಕೀಲರಿಗೆ ಬರೆದ, ವಕೀಲರು ಅವನಿಗೆ ಬರೆದ ಮೇಲ್‌ಗಳನ್ನು ಜೈಲಿನವರು, ಪೊಲೀಸರು, ಸರಕಾರಿ ವಕೀಲರು ಯಾರೂ ತೆರೆಯಬಾರದು, ಇಟ್ಟುಕೊಳ್ಳಬಾರದು. ಇಟ್ಟುಕೊಂಡ ಸಾರಾಂಶಗಳೆಲ್ಲ ಕೋರ್ಟಿಗೆ ಬರಬೇಕು. ಪಾಲಿಶ್ ಈ ಮೊಕದ್ದಮೆ ನಡೆಸುವ ಹಾಗಿಲ್ಲ. ಕೊನೆಗೆ ಒಂದು ಮಾತು ಸೇರಿಸಿದರು: "ಮನುಷ್ಯ ತನ್ನ ವಕೀಲರ ಹತ್ತಿರ ಹೆದರಿಕೊಂಡು ಮಾತಾಡಬೇಕಾದರೆ, ಅವನಿಗೆ ವಕೀಲರನ್ನು ಕೊಟ್ಟೂ ಪ್ರಯೋಜನ ಇಲ್ಲ."

ಪಡಸಾಲೆಯಲ್ಲಿ ಬೇರೆ ವಕೀಲರೆಲ್ಲ ವಕೀಲಮ್ಮನನ್ನು ಮುತ್ತಿಕೊಂಡರು. ಎಂದೂ ಮುಖ ಕೊಟ್ಟು ಮಾತಾಡದವರೂ ಕೈ ಕುಲುಕಿದರು. ಆಕೆ ಅಂದು ಬೀಗಿದಳು, ಯಾಕೆ ಬೀಗಬಾರದು? ಮನೆಗೆ ಹೋಗಿ ಗಂಡನಿಗೆ ಇಡೀ ಪಾಟೀಸವಾಲನ್ನು ಪಾಲಿಶ್‌ನ ದನಿಯಲ್ಲೇ ಮಾಡಿ ತೋರಿಸಿದಳು. ಗಂಡ ಇನ್ನೊಂದು ಸಲ ಎಂದ, ಇನ್ನೊಂದು ಸಲ ಮಾಡಿದಳು.

ಜೈಲಿನ ಕಂಪ್ಯೂಟರ್ ಕೋಣೆಯಲ್ಲಿ ಎಚ್ಚರಿಕೆಯ ಜಾಗಕ್ಕೆ ಹೊಸ ಸಾಲು ಬಂತು: ನಿಮ್ಮ ವಕೀಲರಿಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಕೋಣೆಯ ಹೊರಗೆ ಕೈದಿಗಳು ಸಾಲುಗಟ್ಟಿ ನಿಂತರು. ಕದ್ದ ಆರೋಪದವನು, ಹೊಡೆದ ಆರೋಪದವನು, ಯಾಕೆ ಬಂದೆ ಎಂದು ತನಗೇ ತಿಳಿಯದವನು, ಎಲ್ಲರಿಗೂ ಹೇಳುವುದಿತ್ತು. ಹೇಳದೆ ಉಳಿದ ಮಾತು ಎಷ್ಟೊಂದು ಇತ್ತು ಎಂದು ಜೈಲಿನ ಅಧಿಕಾರಿಗೂ ಆಗಲೇ ತಿಳಿದದ್ದು. "ಜಾಗ ಬಿಡ್ರಪ್ಪ, ದೊಡ್ಡಮ್ಮನ ಮಗ ಬಂದ," ಎಂದು ಪ್ರೆಸ್ಸಿನವನನ್ನು ಎಲ್ಲರೂ ಮುಂದಕ್ಕೆ ತಳ್ಳಿದರು.

ಅವನ ಮೇಲ್ ಬಂದಾಗ ಅವನ ಹೆಂಡತಿ ವಕೀಲಮ್ಮನ ಕಚೇರಿಯಲ್ಲೇ ಕೂತಿದ್ದಳು. ವಕೀಲಮ್ಮ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ಸ್ವಲ್ಪ ತಿರುಗಿಸಿಕೊಂಡು ಓದತೊಡಗಿದಳು. ಹೆಂಡತಿ ಪರದೆ ನೋಡಲಿಲ್ಲ, ಓದುವವಳ ಮುಖ ನೋಡಿದಳು. ಕೆಳಗೆ ಯಾರೋ ಕಣ್ಣು ಪರೀಕ್ಷೆಗೆ ತಪ್ಪುತಪ್ಪಾಗಿ ಅಕ್ಷರ ಓದುತ್ತಿದ್ದರು. ಆ ದಿನ ಅವರನ್ನು ತಿದ್ದುವವರು ಇರಲಿಲ್ಲ.

"ಏನು ಬರೆದಿದ್ದಾರೆ ಅಂತ ನಾನು ಹೇಳೋ ಹಾಗಿಲ್ಲ," ಎಂದಳು ವಕೀಲಮ್ಮ ಓದಿ ಮುಗಿಸಿ. "ನಿಮಗೂ ಹೇಳೋ ಹಾಗಿಲ್ಲ. ಬೇಜಾರಾಗಬೇಡಿ."

"ಬೇಡ ಮೇಡಂ, ಹೇಳಬೇಡಿ," ಎಂದಳು ಹೆಂಡತಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರ್ತಾರಾ? ಅಷ್ಟು ಮಾತ್ರ ಹೇಳಿ."

"ಬರ್ತಾರೆ."

ಅಷ್ಟು ದಿನ ಯಾರೆದುರೂ ಕಣ್ಣೀರು ಹಾಕದಿದ್ದ ಹೆಂಗಸು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ವಕೀಲಮ್ಮ ತಡೆಯಲಿಲ್ಲ, ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮುಂದಿನ ವಾಯಿದೆಗೆ ಆಕೆ ಹೊಸ ಸಾಕ್ಷಿಯೊಬ್ಬರನ್ನು ಕರೆದುಕೊಂಡು ಬಂದಳು. ಆ ಸಾಕ್ಷಿಯ ಮನೆಯ ಬಾಗಿಲನ್ನು ಅದಕ್ಕಿಂತ ಮೊದಲು ಬೇರೆ ಯಾರೂ ತಟ್ಟಿರಲಿಲ್ಲ. ಅದನ್ನು ಕೇಳಿ ಟೀ ಅಂಗಡಿಯವಳಿಗೂ ಧೈರ್ಯ ಬಂದು, ಅಂಗಡಿ ಮುಚ್ಚಿ ತಾನಾಗಿಯೇ ಕೋರ್ಟಿಗೆ ಬಂದು ನಿಂತಳು. ಅವರು ಹೇಳಿದ್ದೆಲ್ಲ ಕೋರ್ಟಿನ ದಾಖಲೆಯಲ್ಲಿದೆ, ಬೇಕಾದವರು ಹೋಗಿ ಓದಿಕೊಳ್ಳಲಿ. ಮೇಲ್‌ನಲ್ಲಿ ಏನಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ. ಇಷ್ಟೆಲ್ಲ ಹೇಳಿ ಕೊನೆಗೆ ನಾನೇ ಇಣುಕಿ ನೋಡಿದರೆ ಪಾಲಿಶ್‌ಗೂ ನನಗೂ ಏನು ವ್ಯತ್ಯಾಸ?

ಪ್ರೆಸ್ಸಿನವನು ಬಿಡುಗಡೆಯಾಗಿ ಜೈಲಿನ ಗೇಟು ದಾಟಿದಾಗ ಹೆಂಡತಿ ಎದುರಿಗೇ ನಿಂತಿದ್ದಳು. ಅವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ, ಅವಳು ಅವನ ಭುಜಕ್ಕೆ ಒಂದು ಗುದ್ದು ಕೊಟ್ಟು ನಕ್ಕಳು. ಪಕ್ಕದಲ್ಲೇ ನಿಂತಿದ್ದ ವಕೀಲಮ್ಮನಿಗೆ ಅದು ಕೇಳಿಸುತ್ತಿತ್ತೋ ಏನೋ, ಆಕೆ ಎರಡು ಹೆಜ್ಜೆ ಆಚೆಗೆ ಸರಿದು ನಿಂತಳು.