ಮೆಲುದನಿ ಕಲಿತ ರಾಮಾನುಜ ಡಾಕ್ಟರು

ಡಾಕ್ಟರ್ ರಾಮಾನುಜರ ಕಂಠಕ್ಕೆ ಗುಟ್ಟೆಂಬುದೇ ಗೊತ್ತಿರಲಿಲ್ಲ. ಚಾಮರಾಜಪೇಟೆಯ ಕ್ಲಿನಿಕ್ಕಿನಲ್ಲಿ ಪರದೆಯ ಆಚೆ ಅವರು ಒಬ್ಬರ ಮೂಲವ್ಯಾಧಿ ವಿಚಾರಿಸಿದರೆ, ಈಚೆ ಬೆಂಚಿನಲ್ಲಿ ಕೂತವರೆಲ್ಲ ಅಯ್ಯೋ ಪಾಪ ಅನ್ನುತ್ತಿದ್ದರು. ಮೊಣಕೈ ಸವೆದ ಬೂದು ಕೋಟು, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ, ಮಾತಿಗೊಮ್ಮೆ "ಏನಂತೀ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದುವರಿಯುವ ಚಟ, ಇವೆಲ್ಲದರ ಮೇಲೆ, ಯಾರಿಗೆ ಯಾವ ಕಾಯಿಲೆ ಬಂದರೂ ಮೊದಲು ಮನೆಯ ಹಿರಿಯರನ್ನು ಕರೆಸಿ ಹೇಳುವ ಪದ್ಧತಿ. ಅದನ್ನವರು ಸಂಸ್ಕಾರವೆಂದೇ ನಂಬಿದ್ದರು, ನಾವೂ ನಂಬಿದ್ದೆವು. ನಗರ್ತಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮಪ್ಪ ಸಿದ್ದಬಸಪ್ಪನವರಿಗೂ ಅವರಿಗೂ ಹೋಗೋ ಬಾರೋ ಗೆಳೆತನ. ಸಂಜೆ ಅವರ ಜೊತೆ ಕೂತು ಕಾಫಿ ಕುಡಿಯದಿದ್ದರೆ ಅಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಇಂಥವರನ್ನು ಇಳಿವಯಸ್ಸಿನಲ್ಲಿ ಬಸವನಗುಡಿಯ ಡಾಕ್ಟರ್ ಚೂಡಾಮಣಿ ತಮ್ಮ ಭಾನುವಾರದ ತರಬೇತಿಗೆ ಎಳೆದುಕೊಂಡು ಹೋದರು. ಎಚ್‌ಐವಿ ಇರುವವರೊಡನೆ ಮಾತಾಡುವುದು ಹೇಗೆಂದು ಫ್ಯಾಮಿಲಿ ಡಾಕ್ಟರುಗಳಿಗೆ ಕಲಿಸುವ ತರಬೇತಿ ಅದು. "ಬಾಯಿಂದ್ಲೇ ಅರ್ಧ ಕಾಯಿಲೆ ವಾಸಿ ಮಾಡಿದೋನು ನಾನು, ನಂಗೆ ಮಾತು ಕಲಿಸ್ತಾಳಂತೆ!" ಎಂದು ಗೊಣಗುತ್ತಲೇ ಹೋದರು. ಅಲ್ಲಿ ಚೂಡಾಮಣಿಯೇ ರೋಗಿಯ ಪಾತ್ರ ವಹಿಸಿ ಎದುರು ಕೂತರಂತೆ. ಇವರು ಧಾರಾಳವಾಗಿ, "ಹೆದರ್ಬೇಡಮ್ಮ, ನಿಮ್ಮ ತಂದೆಗೆ ನಾನೇ ಹೇಳ್ತೀನಿ" ಅಂದದ್ದೇ ತಡ, ಆಕೆ ಚೀಲ ಹೆಗಲಿಗೇರಿಸಿ ಹೊರಟೇ ಹೋದರಂತೆ. ಮುಂದೆ ರಾಮಾನುಜರೇ ನನಗೆ ಹೇಳಿದ್ದು: "ಪಾರ್ಟು ಮುಗೀತೇನೋ ಅಂದ್ಕೊಂಡೆ. ವಾಪಸ್ ಬಂದು, ಹೀಗೆ ಹೋದೋರು ತಿರುಗಿ ಬರಲ್ಲ ಸಾರ್, ಔಷಧೀನೂ ತಗೊಳಲ್ಲ ಅಂದ್ಲು ಕಣೋ." ಹೇಳುವಾಗ ಅವರು ನಗಲಿಲ್ಲ.

ಅದಾಗಿ ಕೆಲವೇ ವಾರಗಳಿಗೆ, ಬಿಡದ ಜ್ವರಕ್ಕೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆಯೆಂದು ಬಂತು. ರಕ್ತ ನನ್ನದು. ಅಪ್ಪನಿಗೆ ತಿಳಿದರೆ ಆ ಮನೆಯಲ್ಲಿ ನಾನು ತಲೆಯೆತ್ತಿ ಓಡಾಡುವುದು ಸುಳ್ಳು; ರಾಮಾನುಜರು ಅಪ್ಪನಿಗೆ ಹೇಳುವುದಂತೂ ನಿಜ. ಊರು ಬಿಡುವುದೆಂದು ನಿಶ್ಚಯಿಸಿಯೇ ಅವರೆದುರು ಕೂತಿದ್ದೆ. ಅವರು ಬೆಂಚಿನವರನ್ನೆಲ್ಲ ಕಳಿಸಿ, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, "ಏನಂತೀ?" ಅಂದರು. ಅಂದು, ಅಬ್ಬಾ, ಕಾದರು! ನಾನು ಅತ್ತು ಮುಗಿಸುವವರೆಗೂ ಕಾದರು. ಆಮೇಲೆ ಅವರಿಗೆ ಒಗ್ಗದ ಮೆಲುದನಿಯಲ್ಲಿ, "ಮಾತ್ರೆ ಒಂದಿನಾನೂ ತಪ್ಪಿಸ್ಬೇಡ, ಎಲ್ಲರ ಹಾಗೆ ಬದುಕ್ತೀಯ. ಯಾರಿಗೆ ಹೇಳ್ಬೇಕು ಅನ್ನೋದು ನಿನ್ನಿಷ್ಟ, ರುದ್ರೇಶ. ನನ್ನ ಬಾಯಿಂದ ಹೊರಗೆ ಹೋಗಲ್ಲ" ಅಂದರು.

ನಾನು ನಂಬಲಿಲ್ಲ. ಆದರೆ ಎರಡು ದಿನ ಬಿಟ್ಟು ಅಪ್ಪ ಕೆಂಡಾಮಂಡಲವಾಗಿ ಮನೆಗೆ ಬಂದರು. "ಮಗನಿಗೇನಾಗಿದೆ ಅಂದ್ರೆ, ಅವನನ್ನೇ ಕೇಳು ಅಂತಾನೆ! ನಾನು ಅಪ್ಪ ಕಣೋ ಅಂದೆ. ಅವನ ಡಾಕ್ಟ್ರು ನಾನು ಅಂದ. ಸೊಕ್ಕು ನೋಡು!" ಅಂದಿನಿಂದ ಕಾಫಿ ನಿಂತಿತು. ಕಡಲೆಕಾಯಿ ಪರಿಷೆಯಲ್ಲಿ ರಾಮಾನುಜರು ಎದುರು ಬಂದಾಗ ಅಪ್ಪ ಮುಖ ತಿರುಗಿಸಿಕೊಂಡರು. ನನ್ನನ್ನು ಕೇಳುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ.

ಕಡೆಗೊಂದು ದಿನ ನಾನೇ ಹೇಳಿದೆ. ಅಪ್ಪ "ರಾಮಾನುಜನಿಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿ, ಚಪ್ಪಲಿ ಮೆಟ್ಟಿ ಹೊರಟರು. ವಾಪಸು ಬಂದಾಗ ಕಣ್ಣು ಕೆಂಪಗಿದ್ದವು. ಅಲ್ಲಿ ಏನು ಮಾತಾಯಿತೆಂದು ಡಾಕ್ಟರನ್ನು ಎಷ್ಟು ಪೀಡಿಸಿದರೂ ಅವರು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಮನೆತನದ ಡಾಕ್ಟರೆಂದರೆ ಮನೆಮಂದಿಯ ಗುಟ್ಟೆಲ್ಲ ಬಲ್ಲವರೆಂದು ನಮ್ಮಲ್ಲಿ ಹೊಗಳುವುದುಂಟು. ಬಲ್ಲವರಿಗೇನೂ ಬರವಿಲ್ಲ. ಮಗನ ಸಂಕಟವನ್ನು ಅಪ್ಪನಿಗೂ ಅಪ್ಪನದನ್ನು ಮಗನಿಗೂ ಬಿಟ್ಟುಕೊಡದೆ, ಪ್ರಾಣಸ್ನೇಹಿತನ ಮುನಿಸನ್ನೂ ನುಂಗಿಕೊಂಡು ಕೂರುವವರು ಅಪರೂಪ. ಅಂಥವರು ಹತ್ತು ಬೀದಿಗೊಬ್ಬರಿದ್ದರೂ ಸಾಕು, ನನ್ನಂಥವರು ಊರು ಬಿಡುವುದಿಲ್ಲ.