ಮುರಿಯಬೇಕಾದ ಪಿನ್ನು

ಬೆಳಿಗ್ಗೆಯಿಂದ ಎರಡನೇ ಸಲ ಪಿನ್ನು ಮುರಿದಾಗ ಡೌಯೆ ವಾಕಿಟಾಕಿಯಲ್ಲೇ ಬೈಯತೊಡಗಿದ. ಅವನು ಡ್ರಿಲ್ಲರ್, ರಿಗ್ಗಿನ ಮೇಲಿನ ಅಟ್ಟದಲ್ಲಿ ನಿಂತು ತೈಲಬಾವಿ ಕೊರೆಸುವವನು. ಕೆಳಗೆ ಕೊರೆಯಲು ಬೇಕಾದ ಕೆಸರನ್ನು ಬಾವಿಯೊಳಕ್ಕೆ ತಳ್ಳುವ ಪಂಪು ತರಿಲಾಳದು. ಈ ಜೌಗಿನ ರಿಗ್ಗುಗಳಲ್ಲಿ ಪಂಪು ನಡೆಸುವ ಬೇರೆ ಹೆಂಗಸಿಲ್ಲ. ಮೊದಲು ಇಲ್ಲೇ ಅಡುಗೆಮನೆಯಲ್ಲಿ ಗೆಣಸು ಸುಲಿಯುತ್ತಿದ್ದಳು.

"ಆ ಪಿನ್ನು ಬಿಸಾಕು ಸಿಸ್ಟಾ. ವೆಲ್ಡಿಂಗ್ ಕಡ್ಡಿ ತುಂಡು ಮಾಡಿ ತೂರ್ಸು. ಮುಂಚೆ ಎಲ್ರೂ ಅದನ್ನೇ ಮಾಡ್ತಿದ್ರು. ಸತ್ತೋರು ಯಾರಾದ್ರೂ ಬಂದು ದೂರು ಹೇಳಿದ್ರಾ?"

"ಸತ್ತೋರು ಹೇಗ್ ಬರ್ತಾರೆ ಓಗಾ?" ಎಂದಳು ತರಿಲಾ. ಓಗಾ ಅಂದರೆ ಇಲ್ಲಿಯವರ ಮಾತಿನಲ್ಲಿ ಯಜಮಾನ.

ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವಿನ ಪಿನ್ನು ತುಂಡಾಗಬೇಕು, ಕೆಸರು ತೊಟ್ಟಿಗೆ ಮರಳಬೇಕು. ಕಡ್ಡಿ ಹಾಕಿದರೆ ಅದು ತುಂಡಾಗುವುದಿಲ್ಲ, ಬೇರೇನೋ ಸಿಡಿಯುತ್ತದೆ.

"ಕಡ್ಡಿ ಹಾಕಲ್ಲ. ಪಂಪು ನಿಲ್ಸಿ ನೋಡ್ತೀನಿ. ನೀವು ಪೈಪು ತಿರುಗಿಸ್ತಾ ಇರಿ, ಇಲ್ಲಾಂದ್ರೆ ಬಾವೀಲಿ ಸಿಕ್ಕಾಕಿಕೊಂಡೀತು."

"ನಿಲ್ಸು. ಸಂಜೆ ಶಿಫ್ಟಿನೋರು ನಮ್ಮನ್ನ ನೋಡಿ ನಗ್ಲಿ. ನಾಳೆಯಿಂದ ನೀನು ಅಡುಗೆಮನೆಗೆ, ಪಂಪು ಪೆರೆಗೆ."

ಪಕ್ಕದಲ್ಲಿ ಕೆಸರಿಗೆ ಬೆರೆಸುವ ಪುಡಿಯ ಚೀಲ ಸುರಿಯುತ್ತಿದ್ದ ಅವಳ ಸಹಾಯಕ ಪೆರೆ ಹಲ್ಲು ಕಿರಿದ.

ಮುಂಜಾನೆಯಿಂದ ಪಂಪಿನ ಪೈಪು ಜ್ವರ ಬಂದವರಂತೆ ನಡುಗುತ್ತಿದ್ದದ್ದು ತರಿಲಾಳಿಗೆ ನೆನಪಿತ್ತು. ಪಂಪಿನ ತಲೆಯ ಮೇಲಿನ ಗುಂಡು ಡಬ್ಬಿಯೊಳಗೆ ರಬ್ಬರಿನ ಚೀಲವಿದೆ. ಅದರಲ್ಲಿ ಗ್ಯಾಸು ಸರಿಯಾಗಿದ್ದರೆ ಪಂಪಿನ ಪ್ರತಿ ಹೊಡೆತವನ್ನೂ ಅದು ನುಂಗಿಕೊಳ್ಳುತ್ತದೆ. ಪಂಪು ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ಡಬ್ಬಿಗೆ ಮೀಟರು ಹಚ್ಚಿದಳು. ಚೀಲ ಹೆಚ್ಚುಕಡಿಮೆ ಖಾಲಿ; ಹೊಡೆತವೆಲ್ಲ ಪಿನ್ನಿಗೇ ಬೀಳುತ್ತಿತ್ತು.

"ಏಯ್ ಪೆರೆ, ಆಮೇಲೆ ನಗು. ನೈಟ್ರೋಜನ್ ಸಿಲಿಂಡರ್ ತಗೊಂಬಾ."

ಗ್ಯಾಸು ತುಂಬಿಸಿದಳು. ಹೊಸ ಪಿನ್ನು ಹಾಕಿದಳು. ತನ್ನ ಕಡೆಯ ವಾಲ್ವುಗಳನ್ನೆಲ್ಲ ಕೈಯಿಂದಲೇ ಮುಟ್ಟಿ ನೋಡಿ, ಪೆರೆಯನ್ನು ದೂರ ನಿಲ್ಲಿಸಿದಳು.

"ಕೆಳಗೆಲ್ಲ ತೆರೆದಿದೆ ಓಗಾ. ಮೇಲೆ?"

"ಮೇಲೂ ತೆರೆದಿದೆ. ಬೇಗ ಹೊಡಿ ಮಾರಾಯ್ತಿ."

ಅವಸರ ಅವನದು. ಅವಳು ಯಾವತ್ತಿನಂತೆ ನಿಧಾನವಾಗಿಯೇ ಶುರುಮಾಡಿದಳು. ಒತ್ತಡದ ಮೀಟರಿನ ಮುಳ್ಳು ಸರ್ರನೆ ಏರಿತು. ಟಕ್! ಪಿನ್ನು ಮುರಿದು ಕೆಸರು ತೊಟ್ಟಿಗೆ ಧುಮುಕಿತು. ಅವಳು ಪಂಪು ಆರಿಸಿದಳು.

ಡೌಯೆ ತಾನೇ ಕೆಳಗಿಳಿದು ಬಂದ. ಮೊದಲು ತೊಟ್ಟಿ ನೋಡಿದ, ಆಮೇಲೆ ಅಟ್ಟಕ್ಕೆ ಕೆಸರು ಒಯ್ಯುವ ದಪ್ಪ ಹೋಸನ್ನು. ಅದರ ಪಕ್ಕದಲ್ಲೇ ಅವನ ಹುಡುಗರು ನಿಂತಿದ್ದರು.

"ನೀನು ನಿಲ್ಸಿದ್ದಾಗ ಹೋಸಿನ ವಾಷರ್ ಬದಲಾಯಿಸ್ದೆ," ಎಂದ. "ವಾಲ್ವು ಮುಚ್ಚಿದ್ದೆ. ತೆರೆಯೋದು ಮರ್ತೆ."

ತರಿಲಾ ಮುರಿದ ಪಿನ್ನನ್ನು ಅವನ ಅಂಗೈಯಲ್ಲಿಟ್ಟಳು. "ಕಡ್ಡಿ ಆಗಿದ್ರೆ ಮುರೀತಿರ್ಲಿಲ್ಲ ಓಗಾ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇನ್ನೊಂದಿದೆಯಾ?"

"ಜೇಬಲ್ಲೇ ಇದೆ."

"ಹಾಕು." ಮೆಟ್ಟಿಲು ಹತ್ತುತ್ತಾ ತಿರುಗಿದ. "ಗೆಣಸು ಪೆರೆ ಸುಲೀತಾನೆ ಬಿಡು."

"ನಾನೇನ್ ಮಾಡ್ದೆ?" ಎಂದ ಪೆರೆ.

ಈ ಸಲ ಅವಳು ಕೇಳುವ ಮೊದಲೇ ಮೇಲಿನಿಂದ ದನಿ ಬಂತು: "ವಾಲ್ವು ತೆರೆದಿದೆ. ನಾನೇ ಮುಟ್ಟಿ ನೋಡ್ದೆ."

ಪಂಪು ಸಲೀಸಾಗಿ ಉಸಿರಾಡತೊಡಗಿತು. ಪೈಪಿನ ಮೇಲೆ ಅಂಗೈಯಿಟ್ಟಳು, ನಡುಕವಿಲ್ಲ. ತರಿಲಾ ವಾಕಿಟಾಕಿ ಎತ್ತಿಕೊಂಡಳು.

"ಈಗ ಕೇಳಿ ಓಗಾ, ಎಷ್ಟು ಕೆಸರು ಬೇಕು?"